ನಾಲ್ಕು ಸಾಲಿನಲ್ಲಿ ಹಿಡಿಸದ ತಮ್ಮ

ನಮ್ಮ ಮನೆಯಲ್ಲಿ ಬಂದವರಿಗೆಂದು ಹಾಕಿರುವ ಮಂಚ ಆರಡಿ ಉದ್ದ. ನನ್ನ ತಮ್ಮ ಚಂದ್ರು ಆರೂವರೆ ಅಡಿ. ಉಳಿದ ಅರ್ಧ ಅಡಿ ಕಾಲನ್ನು ಎಲ್ಲಿಡುವುದೆಂಬುದು ನನ್ನ ಗೃಹಕೃತ್ಯದ ಹಳೆಯ ಸಮಸ್ಯೆಗಳಲ್ಲೊಂದು. ಯಜಮಾನರನ್ನು ಬ್ಯಾಂಕಿನವರು ಸೂರತ್ತಿಗೆ ವರ್ಗ ಮಾಡಿದಾಗ ಮಂಚದ ತುದಿಗೆ ಟ್ರಂಕು ಒಡ್ಡುತ್ತಿದ್ದೆ, ವಡೋದರಾದಲ್ಲಿ ಟೀಪಾಯಿ, ಈಗ ಅಹಮದಾಬಾದಿನ ಮಣಿನಗರದ ಈ ಮೂರನೆಯ ಮಹಡಿಯಲ್ಲಿ ಹೊಲಿಗೆ ಮೆಷಿನ್ನಿನ ಸ್ಟೂಲು. ಅದರ ಮೇಲೊಂದು ದಿಂಬಿಟ್ಟು, ದಿಂಬಿನ ಮೇಲೆ ಮಡಿಸಿದ ಚಾದರ ಹಾಸಿದರೆ ಅವನ ಹಿಮ್ಮಡಿಗಳು ಅಲ್ಲಿ ಎರಡು ದಣಿದ ಮೊಲಗಳ ಹಾಗೆ ಮಲಗುತ್ತವೆ.

ಚಂದ್ರು ಬಾಸ್ಕೆಟ್‌ಬಾಲ್ ಆಟಗಾರ. ಹಾಗೆಂದರೆ ನೀವು ಪತ್ರಿಕೆಯಲ್ಲಿ ಫೋಟೋ ಹುಡುಕೀರಿ, ಹುಡುಕಬೇಡಿ. ಅವನು ಗೆಸ್ಟ್ ಪ್ಲೇಯರ್. ಯಾವುದೋ ಇಲಾಖೆಗೋ ಕಾರ್ಖಾನೆಗೋ ಪಂದ್ಯಾವಳಿಯ ಹೊತ್ತಿಗೆ ಒಬ್ಬ ಎತ್ತರದವನು ಬೇಕಾದರೆ ಕರೆ ಬರುತ್ತದೆ, ಒಂದೆರಡು ಸೀಸನ್ ಆಡುತ್ತಾನೆ, ಕರಾರು ಮುಗಿದರೆ ಜರ್ಸಿ ಬಿಚ್ಚಿಟ್ಟು ಇನ್ನೊಂದು ಊರಿನ ರೈಲು ಹತ್ತುತ್ತಾನೆ. ಅಂಕ ಗಳಿಸುವ ಕೆಲಸ ಬೇರೆಯವರದು. ರಿಂಗಿನ ಕೆಳಗೆ ನಿಂತು ಮೊಣಕೈ ಏಟು ತಿನ್ನುವುದು, ತಪ್ಪಿದ ಚೆಂಡನ್ನು ಹಿಡಿದು ಇನ್ನೊಬ್ಬನ ಕೈಗೆ ಕೊಡುವುದು ಇವನದು. ಹೀಗೆ ಹನ್ನೊಂದು ಟೀಮು ಕಂಡು, ಮೂವತ್ತೇಳು ತುಂಬಿ, ಬಲಗಾಲಿನ ಮಂಡಿ ಮೆಟ್ಟಿಲಿಗೊಂದು ಸದ್ದು ಮಾಡತೊಡಗಿದ ಮೇಲೆ ಒಂದು ಬೆಳಿಗ್ಗೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ, "ಸಾಕಾಯ್ತಕ್ಕ. ಒಂದೇ ಊರಲ್ಲಿ ಇರ್ಬೇಕು ಅನ್ನಿಸ್ತಿದೆ" ಎಂದ. ಅವನು ತನಗಾಗಿ ಏನನ್ನಾದರೂ ಬೇಕೆಂದದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನನ್ನು ನಾನು ಪ್ರೀತಿಸಿದ್ದರಲ್ಲಿ ಸುಳ್ಳಿಲ್ಲ. ಆದರೆ ಅವನ ಬದುಕನ್ನು ಇನ್ನೊಬ್ಬರಿಗೆ ವಿವರಿಸುವಾಗಲೆಲ್ಲ ನನಗೆ ಸಂಕೋಚವಾಗುತ್ತಿತ್ತು. ಎದುರು ಮನೆಯ ಹಂಸಾಬೆನ್ ಮೆಂತ್ಯದ ಸೊಪ್ಪು ಬಿಡಿಸುತ್ತಾ ಒಮ್ಮೆ, "ನಿಮ್ಮ ತಮ್ಮ ಹೋದ ಸಲ ರೈಲ್ವೆ ಅಂದ್ರಿ, ಅದಕ್ಕೆ ಮುಂಚೆ ಯಾವುದೋ ಬ್ಯಾಂಕು. ಅವನಿಗೆ ಕೆಲಸಾನೋ, ಯಾತ್ರೆಯೋ?" ಎಂದು ನಕ್ಕಿದ್ದರು. ಒಳ್ಳೆಯ ಮನಸ್ಸಿನ ಹೆಂಗಸು, ಕುಹಕದಿಂದ ಕೇಳಿದ್ದಲ್ಲ. ನಾನು ಮಾತ್ರ, "ರೈಲ್ವೆಯಲ್ಲೇ ಬೆನ್, ಪರ್ಮನೆಂಟು" ಎಂದುಬಿಟ್ಟಿದ್ದೆ.

ವಡೋದರಾದ ಶಾಲೆಯೊಂದರಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಬೇಕಾಗಿದ್ದಾರೆ, ಇರಲಿಕ್ಕೆ ಕ್ಯಾಂಪಸ್ಸಿನಲ್ಲೇ ಮನೆ ಎಂಬ ಸುದ್ದಿ ತಂದವರೂ ಹಂಸಾಬೆನ್ನರೇ. ಅರ್ಜಿಯ ಫಾರಂ ಬಂತು. ನಮ್ಮ ಕಟ್ಟಡದಲ್ಲಿ ಯಾರ ಫಾರಂ ಬಂದರೂ ತುಂಬುವವಳು ನಾನು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಬೆರಳ ಗೆಣ್ಣಿಗೆ ಸ್ಕೇಲಿನಿಂದ ತಟ್ಟಿ ತಟ್ಟಿ ಕಲಿಸಿದ ಇಂಗ್ಲಿಷ್ ಅಕ್ಷರ, ಒಂದರ ಭುಜಕ್ಕೆ ಒಂದು ಕೈಯಿಟ್ಟು ಸಾಲಾಗಿ ಹೋಗುವಂಥದ್ದು. ಚಂದ್ರು ಔಷಧಿ ಚೀಟಿಯ ಹಿಂದೆ ಹನ್ನೊಂದು ಹೆಸರು ಗೀಚಿಕೊಟ್ಟು, "ನೀನೇ ನೀಟಾಗಿ ಬರ್ದುಬಿಡಕ್ಕ, ನನ್ನ ಅಕ್ಷರ ಕೋಳಿ ಕೆದರಿದ್ ಹಾಗಿರತ್ತೆ" ಎಂದು ಖಾಲಿ ಫಾರಮ್ಮಿನ ಕೆಳಗೆ ರುಜು ಹಾಕಿ ಸ್ನಾನಕ್ಕೆ ಹೋದ.

'ಅನುಭವ' ಎಂಬುದರ ಮುಂದೆ ನಾಲ್ಕೇ ಸಾಲು. ಮಂಚ ಮಾಡುವವನೂ ಫಾರಂ ಅಚ್ಚು ಹಾಕುವವನೂ ಒಂದೇ ಅಳತೆಯ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆಂದು ನನಗೆ ಆಮೇಲೆ ಹೊಳೆಯಿತು. ಮಂಚ ಸಾಲದಿದ್ದಾಗ ಸ್ಟೂಲು ಒಡ್ಡುವ ಬುದ್ಧಿಯಿದ್ದವಳಿಗೆ ಫಾರಮ್ಮಿಗೆ ಒಂದು ಹಾಳೆ ಪಿನ್ನು ಮಾಡುವ ಬುದ್ಧಿ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ಹಾಳೆಯನ್ನು ಕೈಗೂ ತೆಗೆದುಕೊಂಡಿದ್ದೆ. ಆದರೆ ಆ ಹನ್ನೊಂದು ಹೆಸರುಗಳು, ನಡುನಡುವೆ ಖಾಲಿ ಬಿದ್ದ ತಿಂಗಳುಗಳು, ಮುಚ್ಚಿಹೋದ ಟೀಮುಗಳು ಎಲ್ಲ ಒಟ್ಟಿಗೆ ಕಂಡಾಗ ನನಗೆ ಹಳೆಯ ಸಂಕೋಚವೇ ಮರಳಿತು. ಕೇಳಿದರೆ ಗುರುತು ಸಿಗುವಂಥ ನಾಲ್ಕನ್ನು ಆರಿಸಿದೆ. ಉಳಿದ ಏಳರ ವರ್ಷಗಳನ್ನು ಈ ನಾಲ್ಕಕ್ಕೆ ಹಂಚಿದೆ, ಎಲ್ಲೂ ತೂತು ಕಾಣದ ಹಾಗೆ. ಕಸೂತಿಯ ಹಿಂಬದಿಯೂ ಅಚ್ಚುಕಟ್ಟಾಗಿರಬೇಕೆಂದು ಕಲಿತ ಕೈ ಅದು. ಬರೆದು ಮುಗಿಸಿ, ದೂರ ಹಿಡಿದು ನೋಡಿ, ಚೆನ್ನಾಗಿ ಬಂದಿದೆ ಎಂದುಕೊಂಡೆ.

ಸಂದರ್ಶನದ ದಿನ ನಾನೂ ಜೊತೆಗೆ ಹೋದೆ. ಶಾಲೆಯ ಕಚೇರಿಗೆ ಬಾಗಿಲ ಬದಲು ನೀಲಿ ಪರದೆ. ಹೊರಗಿನ ಬೆಂಚಿನಲ್ಲಿ ಕೂತವರಿಗೆ ಒಳಗಿನ ಮಾತೆಲ್ಲ ಕೇಳುತ್ತಿತ್ತು. ಒಳಗೆ ಪ್ರಿನ್ಸಿಪಾಲರು, ಜೊತೆಗೆ ಆಟದ ವಿಭಾಗ ನೋಡಿಕೊಳ್ಳುವ ಜಯೇಶಭಾಯಿ. ಮೊದಲು ಕೇಳಿಸಿದ್ದು ನಗು.

"ಅರೆ ಚಂದ್ರು, ನೀನಾ? ಮಂಡಿ ಇನ್ನೂ ಇದೆಯೋ, ಮಾರಿಬಿಟ್ಯೋ?"

"ಅರ್ಧ ಇದೆ ಭಾಯಿ."

ಆಮೇಲೆ ಕಾಗದ ಮಗುಚಿದ ಸದ್ದು. "ವಟ್ವಾದ ಬಣ್ಣದ ಕಾರ್ಖಾನೆ ಟೀಮಿನಲ್ಲಿ ಎರಡು ಸೀಸನ್ ನನ್ನ ಪಕ್ಕದಲ್ಲಿ ಆಡಿದ್ದು ನೀನೇ ತಾನೇ? ಇದರಲ್ಲಿ ನೋಡಿದ್ರೆ ಆ ಎರಡು ವರ್ಷ ನೀನು ರೈಲ್ವೆಯಲ್ಲಿ ಇದ್ದೆ." ಜಯೇಶಭಾಯಿಯ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ನಮ್ಮ ಜೊತೆ ಆಡಿದ್ದು ಹೇಳೋಕೆ ನಾಚಿಕೆಯಾಯ್ತಾ?"

ಕಾಗದ ಚಂದ್ರುವಿನ ಕೈಗೆ ಹೋದ ಸದ್ದು. ಆ ಫಾರಮ್ಮನ್ನು ಅವನು ಓದುತ್ತಿರುವುದು ಅದೇ ಮೊದಲೆಂದು ನನಗೆ ಗೊತ್ತಿತ್ತು.

"ಇದನ್ನ ಬರೆದವರು ಯಾರು?" ಎಂದು ಕೇಳಿದರು ಜಯೇಶಭಾಯಿ.

"ನಾನೇ."

"ಯಾರು ಅಂದೆ?"

"ನಾನೇ ಭಾಯಿ."

"ಅಕ್ಷರ ತುಂಬಾ ಚೆನ್ನಾಗಿದೆ" ಎಂದರು ಪ್ರಿನ್ಸಿಪಾಲರು, ಮೆಲ್ಲಗೆ.

ನಾನು ಎದ್ದೆ. ಪರದೆಯವರೆಗೂ ಹೋಗಿ ಅದರ ಅಂಚು ಹಿಡಿದೆ. ಇದು ನನ್ನ ಕೈಬರಹ, ಅವನಿಗೆ ಗೊತ್ತಿಲ್ಲ: ಇಷ್ಟು ಹೇಳಲು ಎಷ್ಟು ಉಸಿರು ಬೇಕು? ಅಷ್ಟರಲ್ಲಿ ಹಂಸಾಬೆನ್ನರ ಮುಖ ಕಣ್ಣೆದುರು ಬಂತು, ಇಂಥ ಅಕ್ಕನೇ ಎಂದು ಪ್ರಿನ್ಸಿಪಾಲರು ಕನ್ನಡಕ ಸರಿಸಿ ನೋಡುವುದೂ ಬಂತು. ಕರೆಯದೆ ಒಳಗೆ ಹೋಗಬಾರದೆಂದು ಸಿಸ್ಟರುಗಳು ಕಲಿಸಿದ್ದೂ ನೆನಪಾಯಿತು, ಬೇಕಾದಾಗ ನೆನಪಾಗುವ ಹಾಗೆ. ಹಿಂದಿರುಗಿ ಬೆಂಚಿನಲ್ಲಿ ಕೂತು ಸೆರಗಿನ ಅಂಚು ಸರಿಪಡಿಸಿಕೊಂಡೆ.

ವಾಪಸಾಗುವಾಗ ರೈಲಿನಲ್ಲಿ ಚಂದ್ರು ಹುರಿದ ಉಪ್ಪು ಕಡಲೆಕಾಯಿಯ ಪೊಟ್ಟಣ ಕೊಂಡು, ಸಿಪ್ಪೆ ಉಜ್ಜಿ ಉಜ್ಜಿ ನನ್ನ ಅಂಗೈಗೆ ಹಾಕುತ್ತಿದ್ದ. "ಆಗ್ಲಿಲ್ಲಕ್ಕ" ಎಂದನಷ್ಟೇ. ಒಳಗಿನ ಮಾತೇನೂ ನನಗೆ ಕೇಳಿಸಿಯೇ ಇಲ್ಲವೆಂಬಂತೆ ನಾನು ಕಡಲೆಕಾಯಿ ತಿನ್ನುತ್ತಿದ್ದೆ.

ಒಂಬತ್ತು ದಿನ ಹೀಗೇ ಇದ್ದೆ. ಹತ್ತನೆಯ ದಿನ ಜಯೇಶಭಾಯಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನನಗೆ ಆವತ್ತೇ ಗೊತ್ತಿತ್ತು ಬೆನ್. ಅವನ ಅಕ್ಷರ ನಾನು ನೋಡಿಲ್ಲವೇ? ಅದಕ್ಕೇ ಎರಡು ಸಲ ಕೇಳಿದ್ದು. ಬೇರೆಯವರು ಬರೆದದ್ದು ಅಂದಿದ್ರೆ ಅಲ್ಲೇ ಇನ್ನೊಂದು ಫಾರಂ ಕೊಡ್ತಿದ್ದೆ. ನಾನೇ ಅಂತ ಕೂತ. ಪ್ರಿನ್ಸಿಪಾಲರ ಮುಂದೆ ನಾನೇನು ಮಾಡಲಿ?" ಎಂದು ಹೇಳಿ ಮುಂದುವರಿಸಿದರು. "ಆಟದಲ್ಲೂ ಅವನು ಹೀಗೇ. ಫೌಲ್ ಮಾಡಿದವನು ಕೈಯೆತ್ತಬೇಕು ನಮ್ಮಲ್ಲಿ, ಐದಾದರೆ ಹೊರಗೆ. ರಿಂಗಿನ ಕೆಳಗೆ ಗುಂಪಿನಲ್ಲಿ ನಾನು ಮಾಡಿದ ಫೌಲಿಗೆ ಇವನು ಕೈಯೆತ್ತುತ್ತಿದ್ದ, ನಾನು ಆಡಲಿ ಅಂತ. ಗೆಸ್ಟ್ ಪ್ಲೇಯರ್ ಅಂದರೆ ಅಷ್ಟೇ ಅಂದ್ಕೊಂಡಿದ್ದ." ಆ ಜಾಗಕ್ಕೆ ಬೇರೊಬ್ಬರು ಸೋಮವಾರವೇ ಸೇರಿದ್ದರು.

ಸಂಜೆ ಚಂದ್ರು ಮಂಡಿಗೆ ಪಟ್ಟಿ ಸುತ್ತುತ್ತಾ ಕೂತಿದ್ದಾಗ ಎಲ್ಲ ಹೇಳಿದೆ. ಪರದೆಯ ತನಕ ಬಂದಿದ್ದೆ ಎಂಬುದನ್ನೂ.

"ಗೊತ್ತು. ಕೆಳಗಡೆ ನಿನ್ನ ಕಾಲು ಕಾಣಿಸ್ತಿತ್ತು" ಎಂದ.

"ಹಾಗಾದ್ರೆ ಯಾಕೋ ಹೇಳ್ಲಿಲ್ಲ?"

"ನೀನೇ ವಾಪಸ್ ಹೋದ್ಯಲ್ಲಕ್ಕ. ನಿಂಗೆ ಇಷ್ಟ ಇಲ್ಲ ಅಂದ್ಕೊಂಡೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅತ್ತು ಹಗುರಾಗಬಹುದಿತ್ತು.

ಸೂರತ್ತಿನ ಒಂದು ಶಾಲೆಗೂ ಕೋಚ್ ಬೇಕಂತೆ. ನಿನ್ನೆ ಫಾರಂ ತಂದು ಊಟದ ಮೇಜಿನ ಮೇಲೆ ಹರವಿಕೊಂಡು ಅವನೇ ಬರೆಯಲು ಕೂತ. ನಾಲ್ಕು ಸಾಲಿನಲ್ಲಿ 'ಹಾಳೆ ಲಗತ್ತಿಸಿದೆ' ಎಂದಷ್ಟೇ ಬರೆದು, ಬಿಳಿ ಹಾಳೆಯೊಂದರ ಮೇಲೆ ಬೆನ್ನು ಬಗ್ಗಿಸಿ ಒಂದೊಂದೇ ಟೀಮಿನ ಹೆಸರು ಬರೆಯತೊಡಗಿದ. ಅಕ್ಷರಗಳಲ್ಲಿ ಒಂದು ಮೇಲಕ್ಕೆ ಹತ್ತುತ್ತಿತ್ತು, ಒಂದು ಕೆಳಕ್ಕೆ ಜಾರುತ್ತಿತ್ತು. ನಾನು ಎದುರಿಗೆ ಕೂತು ಅವರೆಕಾಳು ಹಿಸುಕುತ್ತಿದ್ದೆ, ಕೈಗೊಂದು ಕೆಲಸವಿರಲಿ ಎಂದು. ಒಂಬತ್ತನೆಯದಕ್ಕೆ ಬಂದು ಪೆನ್ನು ನಿಂತಿತು. ಸೂರತ್ತಿನದೇ ಟೀಮು, ಆರೇ ತಿಂಗಳು ಇದ್ದದ್ದು; ಆವತ್ತು ಚೀಟಿಯಲ್ಲಿ ಗೀಚಿಕೊಟ್ಟಿದ್ದ ಅದರ ಹೆಸರು ಈಗ ಅವನಿಗೇ ಮರೆತುಹೋಗಿತ್ತು.

ನನಗೆ ಮರೆತಿರಲಿಲ್ಲ. ಬಿಟ್ಟ ಏಳೂ ಹೆಸರು ನನಗೆ ಬಾಯಿಪಾಠವಾಗಿವೆ. ಹೇಳಿದೆ, ಅವನು ಬರೆದುಕೊಂಡ.