ಮಕ್ಕಳ ಎತ್ತರಕ್ಕೊಂದು ಬಿದಿರು

ಮರ್ಕಂಜದ ನಮ್ಮ ಹೊಳೆಗೆ ಸೇತುವೆ ಕೊಡುತ್ತೇವೆ ಎಂದರು, ಕೊಡಲಿಲ್ಲ. ಶಾಲೆಯವರೆಗೆ ರಸ್ತೆ ಎಂದರು, ಅದೂ ಇಲ್ಲ. ಇವತ್ತು ದರ್ಬೆ ಪೇಟೆಯ ಅಂಗಡಿಯಲ್ಲಿ ಯಾರೋ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಆ ವಾಸನೆಗೆ ನಾನು ನೆನಪಿನಲ್ಲೇ ಅಜ್ಜನ ಜಗಲಿಗೆ ಹೋಗಿಬಿಟ್ಟೆ.

ಪ್ರತಿ ವರ್ಷ ಹೊಳೆ ದಾಟಲು ಅಡಿಕೆ ಮರದ ಕಾಲುಸಂಕ ಹಾಕುವ ಮೊದಲು ಊರವರು ಅಲ್ಲಿ ಕೂರುತ್ತಿದ್ದರು. ಅಜ್ಜ ಎಲೆಅಡಿಕೆಯ ತಟ್ಟೆಯನ್ನು ಯಾರ ಮುಂದೆ ಸರಿಸುತ್ತಾರೋ ಅವರದ್ದೇ ಮಾತಿನ ಸರದಿ. ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ಸಲ ತಟ್ಟೆ ನನ್ನ ಮುಂದೆ ಬಂತು. ತಿನ್ನಲಿಕ್ಕೆಂದೇ ತಿಳಿದು ಎಲೆಗೆ ಸುಣ್ಣ ಮೆತ್ತಿ ಬಾಯಿಗೆ ಹಾಕಿದೆ. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು.

"ಎಂತ ಮಾರಾಯ್ರೆ, ಈಗ ಹುಡುಗಿಯರಿಗೂ ಮೀಟಿಂಗಾ?" ಎಂದು ನೆರೆಮನೆಯ ಮಾವ ನಕ್ಕರು.

"ದಿನಾ ಸಂಕ ದಾಟುದು ಅವಳು, ನೀನಲ್ಲ," ಎಂದರು ಅಜ್ಜ. ನನ್ನ ಕಡೆ ತಿರುಗಿ, "ಉಗುಳಿ ಬಾ ಮಗಾ, ನಾವು ಕಾಯ್ತೇವೆ."

ಅಷ್ಟೂ ಜನ ಕಾದರು.

"ಸಂಕದಲ್ಲಿ ಕೈಗೆ ಹಿಡಿಯುವ ಬಿದಿರು ನಿಮ್ಮ ಎದೆಗೆ ಉಂಟು, ನಮಗೆ ತಲೆಯಿಂದ ಮೇಲೆ. ನಾವು ಎಂತ ಹಿಡಿಯುದು?" ಎಂದೆ.

ಆ ವರ್ಷ ಕೆಳಗೆ ಇನ್ನೊಂದು ಬಿದಿರು ಬಂತು. ಕಟ್ಟಿದ್ದು ಅದೇ ಮಾವ.

ಸೇತುವೆಯ ಹೋರಾಟ ಮುಗಿದಿಲ್ಲ, ನಾವೂ ದಣಿದಿಲ್ಲ. ಈಗ ತಟ್ಟೆ ಸರಿಸುವುದು ನಾನು. ಈ ಸಲ ಮೊದಲ ಮಾತು ಆರನೇ ಕ್ಲಾಸಿನ ಮೊಮ್ಮಗಳದ್ದು. ಸುಣ್ಣದ ಡಬ್ಬಿ ಎತ್ತಿಟ್ಟಿದ್ದೇನೆ. ಈ ವರ್ಷದ ಸಂಕದ ಮೀಟಿಂಗಿಗೆ ಮಕ್ಕಳನ್ನು ಕರೆದುಕೊಂಡೇ ಬನ್ನಿ. ಅದೇ ಜಗಲಿ, ಬರುವ ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ.