ಕೇಳಿಯೇ ಕಾಲಿಡುತ್ತಿದ್ದವರು

ಮೊನ್ನೆ ಒಂದು ಹಳೇ ಫ್ಲಾಸ್ಕಿನ ಮುಚ್ಚಳ ತಿರುಗಿಸಿದೆ. ಒಳಗೇನೂ ಇರಲಿಲ್ಲ. ಅದನ್ನು ಯಾರಾದರೂ ಬಳಸಿ ಹದಿನೈದು ವರ್ಷದ ಮೇಲಾಗಿದೆ. ಆದರೂ ಮೆಣಸು, ಒಣಶುಂಠಿ, ಜೀರಿಗೆಯ ವಾಸನೆ ಮೂಗಿಗೆ ಬಂತು. ಸ್ಕಾರ್‌ಬರೋದಲ್ಲಿ ನಮ್ಮ ಗೋಡೆಗೆ ಗೋಡೆ ತಾಗಿದ್ದ ಮನೆಯ ಅತ್ತಿಗೆ ಈಗ ಮನೆ ಮಾರಿ ಮಗಳ ಹತ್ತಿರ ಹೊರಟಿದ್ದಾರೆ. ಬೇಸ್‌ಮೆಂಟು ಖಾಲಿ ಮಾಡುವಾಗ ಸಿಕ್ಕಿದ್ದನ್ನು, "ನಿಮ್ಮ ಅಣ್ಣನದ್ದು, ನಿಮಗಿರಲಿ" ಅಂತ ಕೊಟ್ಟು ಹೋದರು.

ಅಣ್ಣ ಅಂದರೆ ಅವರ ಗಂಡ. ನನಗೆ ರಕ್ತಸಂಬಂಧ ಏನೂ ಇಲ್ಲ. ನಾನು ಮೈಸೂರಿನವನು, ಅವರು ಪುತ್ತೂರಿನ ಕಡೆಯವರು, ಮನೆಯಲ್ಲಿ ತುಳು. ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಈ ದೇಶಕ್ಕೆ ಬಂದಾಗ ಅವರಾಗಲೇ ಒಶಾವಾದ ಒಂದು ಕಾರಿನ ಬಿಡಿಭಾಗದ ಫ್ಯಾಕ್ಟರಿಯಲ್ಲಿ ಹತ್ತು ವರ್ಷ ಶಿಫ್ಟು ಮಾಡಿ ಮುಗಿಸಿದ್ದರು. ಮಾತು ಕಮ್ಮಿ, ನಗು ಅದಕ್ಕಿಂತ ಕಮ್ಮಿ. ಅವರಿಗೆ ಇದ್ದ ಹುಚ್ಚು ಒಂದೇ, ಜಿಂಕೆ ಬೇಟೆ. ಲೈಸೆನ್ಸು, ಕಿತ್ತಳೆ ಬಣ್ಣದ ಜಾಕೀಟು, ಬೀಗ ಹಾಕಿದ ಬಂದೂಕಿನ ಪೆಟ್ಟಿಗೆ, ಎಲ್ಲ ಕಾನೂನಿನ ಪ್ರಕಾರ. ನಾನೋ, ಕೇಕಿನಲ್ಲಿ ಮೊಟ್ಟೆ ಇದೆಯಾ ಅಂತ ಮೂರು ಸಲ ವಿಚಾರಿಸುವ ಗಿರಾಕಿ. ನಮ್ಮಿಬ್ಬರಿಗೆ ಹೇಗೆ ಹೊಂದಿಕೆಯಾಯಿತೋ ದೇವರಿಗೇ ಗೊತ್ತು.

ಪ್ರತಿ ವರ್ಷ ಸೆಪ್ಟೆಂಬರಿನ ಒಂದು ಶನಿವಾರ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಬೇಟೆಗಲ್ಲ, ಬೇಟೆಗೆ ಒಪ್ಪಿಗೆ ಕೇಳುವುದಕ್ಕೆ. ಸ್ಟೌಫ್‌ವಿಲ್ ದಾಟಿ ಇನ್ನೂ ಉತ್ತರಕ್ಕೆ ಹೋದರೆ ಒಂದು ಫಾರ್ಮು. ಗಂಡ ಸತ್ತ, ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ಹದಿನೈದಿಪ್ಪತ್ತು ದನ ಇಟ್ಟುಕೊಂಡು ಒಬ್ಬರೇ ಇದ್ದರು. ಅಣ್ಣ ಅವರನ್ನು ಯಜಮಾನ್ತಿ ಅನ್ನುತ್ತಿದ್ದರು. ಹುಲ್ಲುಗಾವಲಿನ ಹಿಂದೆ ಅವರದೇ ಕಾಡು, ಅದರ ತುಂಬ ಜಿಂಕೆ. ಆ ಕಾಡಿಗೆ ಹೋಗುವ ಒಪ್ಪಿಗೆ ಸಿಗುವ ಮೊದಲು ಅಣ್ಣ ಎರಡು ವರ್ಷ ಆ ಭಾಗದ ಬಾಗಿಲುಗಳನ್ನೆಲ್ಲ ತಟ್ಟಿದ್ದರಂತೆ. ಕೆಲವರು ಬಾಗಿಲು ತೆಗೆಯಲೇ ಇಲ್ಲ, ಕೆಲವರು ಮುಖ ನೋಡಿದ ತಕ್ಷಣ ಹಾಕಿಕೊಂಡರು. ಹೌದು ಅಂದವರು ಇವರೊಬ್ಬರೇ.

ಅಣ್ಣ ಮೆಟ್ಟಿಲು ಹತ್ತುತ್ತಿರಲಿಲ್ಲ. ಕೆಳಗೇ ನಿಂತು, ಟೋಪಿ ತೆಗೆದು, ಈ ವರ್ಷವೂ ಬರಬಹುದಾ ಅಂತ ಕೇಳುತ್ತಿದ್ದರು. ಆಕೆ ಆಕಾಶ ನೋಡುತ್ತಿದ್ದರು, ದನ ನೋಡುತ್ತಿದ್ದರು, ಆಮೇಲೆ ಒಳಗೆ ಹೋಗಿ ಒಂದು ಚೀಟಿಗೆ ಸಹಿ ಹಾಕಿ ತಂದು ಕೊಡುತ್ತಿದ್ದರು. ವಾಪಸು ಬರುವಾಗ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ಇದೇ ಫ್ಲಾಸ್ಕಿನಿಂದ ನನಗೆ ಕಷಾಯ ಬಗ್ಗಿಸಿ ಕೊಡುವುದು. ಅದು ಅವರ ಸಂತೋಷ ತೋರಿಸುವ ರೀತಿ.

ಒಮ್ಮೆ ಕೇಳಿಯೇಬಿಟ್ಟೆ. "ಅಲ್ಲ ಅಣ್ಣ, ಹೋದ ವರ್ಷ ಹ್ಞೂಂ ಅಂದಿದಾರೆ, ಅದರ ಹಿಂದಿನ ವರ್ಷವೂ ಅಂದಿದಾರೆ. ಮತ್ತೆ ಮತ್ತೆ ಯಾಕೆ ಕೇಳೋದು? ಒಂದು ಫೋನ್ ಹಾಕಿದ್ರೆ ಸಾಲದಾ?"

"ಬೇಡ ಅನ್ಲಿಕ್ಕೆ ಅವರಿಗೂ ಒಂದು ಅವಕಾಶ ಬೇಕಲ್ಲ ಮಾರಾಯ್ರೇ," ಅಂದರು. "ಜಾಗ ಅವರದ್ದು. ನನ್ನದೆಂತ ಉಂಟು ಅಲ್ಲಿ?"

ಈ ಮಾತು ನನಗೆ ಆಗ ತಲೆಗೆ ಹೋಗಲಿಲ್ಲ. ನಾವು ಬೆಳೆದದ್ದು ಬೇರೆ ಥರ. ಒಬ್ಬರ ಮನೆಗೆ ಸಲಿಗೆ ಸಿಕ್ಕಿತು ಅಂದರೆ ಅವರ ಅಡುಗೆಮನೆಯವರೆಗೆ ಹೋಗಬಹುದು, ಜೊತೆಗೆ ನಾಲ್ಕು ಜನರನ್ನೂ ಕರಕೊಂಡು ಹೋಗಬಹುದು. "ನಮ್ಮವರ ಕಡೆಯವರು" ಅಂದರೆ ಸಾಕು, ಬಾಗಿಲು ತೆರೆಯಿತು. ಇಡೀ ಮೈಸೂರು ನಡೆಯುತ್ತಿದ್ದದ್ದೇ ಹಾಗೆ.

ಎರಡು ಸಾವಿರದ ಆಚೀಚಿನ ಒಂದು ಅಕ್ಟೋಬರ್. ಎಲೆ ಕೆಂಪಾಗಿತ್ತು. ನಮ್ಮ ಆಫೀಸಿನ ಕನ್ನಡದವರು ನಾಲ್ಕು ಸಂಸಾರ, ಎಲ್ಲಾದರೂ ಪಿಕ್ನಿಕ್ ಹೋಗೋಣ, ಪಾರ್ಕುಗಳಲ್ಲಿ ವಿಪರೀತ ರಶ್ ಅಂದರು. ನಾನು ಎದೆ ಉಬ್ಬಿಸಿ, ನಮಗೊಂದು ಫಾರ್ಮು ಗೊತ್ತು, ನಮ್ಮ ಅಣ್ಣನಿಗೆ ಪರ್ಮಿಶನ್ ಇದೆ, ಬನ್ನಿ ಅಂದೆ. ಅಣ್ಣನಿಗೆ ಒಂದು ಮಾತು ಹೇಳಲಿಲ್ಲ. ಯಜಮಾನ್ತಿಯ ಮನೆ ಬಾಗಿಲಿಗೂ ಹೋಗಲಿಲ್ಲ. ನಾವೇನು ಬಂದೂಕು ಹಿಡಿದು ಹೋಗುತ್ತಿದ್ದೇವಾ? ಪುಳಿಯೋಗರೆ ತಿನ್ನುವವರು, ಸುಮ್ಮನೆ ಕಾಡು ಸುತ್ತಿ ಬರುವವರು, ನಮ್ಮಿಂದ ಯಾರಿಗೆ ತೊಂದರೆ... ಹೀಗೆ ನನ್ನ ಲೆಕ್ಕಾಚಾರ. ಹಿಂದಿನ ರಸ್ತೆಯ ಗೇಟು ತೆಗೆದು ಹುಲ್ಲುಗಾವಲು ದಾಟಿ ಹೋದೆವು. ಪಿಕಪ್ಪಿನಲ್ಲಿ ಹೋಗುತ್ತಿದ್ದವನೊಬ್ಬ ನಿಲ್ಲಿಸಿ ಯಾರು ನೀವು ಅಂತ ಕೇಳಿದ. ನಾನು ಅಣ್ಣನ ಹೆಸರು ಹೇಳಿ, ಅವರ ಮನೆಯವರು ಅಂದೆ. ಅವನು ತಲೆ ಆಡಿಸಿ ಹೋದ.

ಬಹಳ ಒಳ್ಳೆಯ ದಿನ ಅದು. ಮಕ್ಕಳು ಎಲೆಯ ರಾಶಿಯಲ್ಲಿ ಬಿದ್ದು ಹೊರಳಾಡಿದವು, ಅಂತ್ಯಾಕ್ಷರಿ ಆಡಿದೆವು, ಕತ್ತಲಾಗುವ ಮುಂಚೆ ಹೊರಟೆವು. ಕೊನೆಗೆ ಹೊರಗೆ ಬಂದ ಕಾರು ನನ್ನದು.

ಮಾರನೇ ದಿನ ಸಂಜೆ ಅಣ್ಣ ಶಿಫ್ಟು ಮುಗಿಸಿಕೊಂಡು ನೆಟ್ಟಗೆ ಮನೆಗೆ ಬರಲಿಲ್ಲ, ಯಜಮಾನ್ತಿಯ ಫೋನು ಬಂದಿತ್ತೆಂದು ಫಾರ್ಮಿಗೆ ಹೋಗಿ ಬಂದರು. ನಾನು ಹಿತ್ತಲಲ್ಲಿ ಎಲೆ ಗುಡಿಸುತ್ತಿದ್ದೆ. ಬೇಲಿಯ ಆಚೆ ನಿಂತು ಕೇಳಿದರು.

"ನೀವು ನಿನ್ನೆ ಕಾಡಿಗೆ ಹೋಗಿದ್ರಾ?"

"ಹೌದಣ್ಣ, ಸುಮ್ನೆ..."

"ಗೇಟು ಹಾಕ್ಲಿಲ್ಲ. ದನ ಎಲ್ಲ ರಸ್ತೆಗೆ ಬಂದಿದ್ವು. ಒಂದು ಹೋಗಿ ಚರಂಡಿಗೆ ಬಿತ್ತು, ಕಾಲು ಮುರೀತು. ಗುಂಡು ಹೊಡೀಬೇಕಾಯ್ತಂತೆ."

ಅಷ್ಟು ವರ್ಷ ಆ ಕಾಡಿಗೆ ಬಂದೂಕು ಹಿಡಿದು ಹೋದ ಮನುಷ್ಯನಿಂದ ಆ ಹೆಂಗಸಿನ ಒಂದು ದನದ ಕೂದಲೂ ಕೊಂಕಿರಲಿಲ್ಲ. ಪುಳಿಯೋಗರೆ ಡಬ್ಬಿ ಹಿಡಿದು ಹೋದ ನಾನು ಒಂದು ಹಸು ಕೊಂದು ಬಂದಿದ್ದೆ. ನಮ್ಮಮ್ಮನಿಗೆ ಗೊತ್ತಾಗಿದ್ದರೆ ನನ್ನನ್ನು ಒಳಗೆ ಸೇರಿಸುತ್ತಿರಲಿಲ್ಲ.

"ಚೀಟಿ ವಾಪಸು ಇಸ್ಕೊಂಡ್ರು," ಅಂದರು ಅಣ್ಣ. "ಯಾರು ಅಂತ ಕೇಳಿದ್ರು. ನಮ್ಮವರೇ, ತಪ್ಪಾಯ್ತು ಅಂದೆ. ಮತ್ತೆಂತ ಹೇಳುದು?"

"ನಾನು ಬರ್ತೀನಿ ಅಣ್ಣ. ಅದು ನಾನು, ನಿಮಗೆ ಗೊತ್ತೇ ಇರಲಿಲ್ಲ ಅಂತ ನಾನೇ ಹೇಳ್ತೀನಿ."

"ಬನ್ನಿ. ಶನಿವಾರ ನನಗೆ ರಜೆ ಉಂಟು."

ಶನಿವಾರ ನನಗೆ ಜ್ವರ ಬಂತು. ಬರಲಿಲ್ಲ, ಬಂದಿದೆ ಅಂತ ಹೆಂಡತಿಯ ಕೈಲಿ ಹೇಳಿಸಿದೆ. ಆ ಮುದುಕಿಯ ಮುಂದೆ ನಿಂತು ನಿಮ್ಮ ಹಸು ಸಾಯಿಸಿದವನು ನಾನು ಅನ್ನುವ ಧೈರ್ಯ ನನಗಿರಲಿಲ್ಲ. ಮುಂದಿನ ವಾರ ಆಫೀಸಿನಲ್ಲಿ ಕೆಲಸ ಬಿತ್ತು, ಆಮೇಲೆ ಹಿಮ ಬಿತ್ತು. ಅಣ್ಣ ಇನ್ನೊಂದು ಸಲ ನನ್ನನ್ನು ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆನೋ ಏನೋ...

ಆ ನವೆಂಬರಿನಲ್ಲಿ ಅವರು ಬೇಟೆಗೆ ಹೋಗಲಿಲ್ಲ. ಮುಂದಿನ ಸೆಪ್ಟೆಂಬರಿನಲ್ಲಿ ಮಾತ್ರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಕಾರು ತೆಗೆದದ್ದು ಕಿಟಕಿಯಿಂದ ಕಂಡಿತು. ಸಂಜೆ ಅತ್ತಿಗೆ ನನ್ನ ಹೆಂಡತಿಯ ಹತ್ತಿರ, "ಹೋಗಿ ಕೇಳಿದ್ರಂತೆ, ಬೇಡ ಅಂದ್ರಂತೆ" ಅಂದರು. ಅದರ ಮುಂದಿನ ವರ್ಷವೂ ಹೋದರು, ಬೇಡ ಅನ್ನಿಸಿಕೊಂಡು ಬಂದರು. ಮೂರನೇ ವರ್ಷವೂ ಅಷ್ಟೇ. ಸರ್ಕಾರಿ ಕಾಡಿಗೆ ಒಂದೆರಡು ಸಲ ಹೋಗಿ ನೋಡಿದರು, ಮನಸ್ಸು ಹಿಡಿಯಲಿಲ್ಲ. ಬಂದೂಕು ಮಾರಿದರು. ರಜೆಯ ದಿನ ಗರಾಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾ ಕೂತಿರುತ್ತಿದ್ದರು. ನಾನು ಕಾರು ಇಳಿದರೆ, "ಈಗ ಬಂದ್ರಾ?" ಅಂತ ಮಾತಾಡಿಸುತ್ತಿದ್ದರು. ದನಿಯಲ್ಲಿ ಒಂದು ಚೂರು ಮುನಿಸಿಲ್ಲ. ಬೈದಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು.

ಒಂದು ಫೆಬ್ರವರಿ ಬೆಳಿಗ್ಗೆ ಎದೆನೋವು ಅಂದವರು ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಆ ಸೆಪ್ಟೆಂಬರಿನಲ್ಲಿ ನಾನೊಬ್ಬನೇ ಫಾರ್ಮಿಗೆ ಹೋದೆ, ಈಗಲಾದರೂ ಹೇಳಿಬಿಡೋಣ ಅಂತ. ದನಗಳಿರಲಿಲ್ಲ. ಕಿಟಕಿಗಳಿಗೆ ಹಲಗೆ ಹೊಡೆದಿತ್ತು, ಹೊಸ ಮನೆಗಳು ಬರುತ್ತವೆ ಅಂತ ದೊಡ್ಡ ಬೋರ್ಡು ನಿಂತಿತ್ತು. ಯಜಮಾನ್ತಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿದ್ದಾರೆ ಅಂತ ಎದುರು ಮನೆಯವರು ಹೇಳಿದರು. ಎಲ್ಲಿ ಅಂತ ನಾನು ಕೇಳಲಿಲ್ಲ.

ಇದನ್ನೆಲ್ಲ ಯಾರಿಗೂ ಹೇಳದೆ ಮುಗಿಸಿಬಿಡುತ್ತಿದ್ದೆನೇನೋ. ಆದರೆ ಮೊನ್ನೆ ಅತ್ತಿಗೆ ಹೊರಡುವ ಮುಂಚೆ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದರು. ಮಾತು ಅಣ್ಣನ ಕಡೆ ತಿರುಗಿತು.

"ಆ ಮುದುಕಿಗೆ ನಮ್ಮ ಬಣ್ಣ ಕಂಡ್ರೆ ಆಗ್ತಿರ್ಲಿಲ್ಲ," ಅಂದರು. "ಅಷ್ಟು ವರ್ಷ ಒಳಗೆ ಬಿಟ್ಟು, ಆಮೇಲೆ ಬರ್ಬೇಡ ಅಂದ್ರೆ ಮತ್ತೆಂತ ಕಾರಣ? ಇವರು ಬಾಯಿ ಬಿಡ್ಲೇ ಇಲ್ಲ. ನನಗೆ ಗೊತ್ತಿಲ್ವಾ?"

ಇಪ್ಪತ್ತು ವರ್ಷದಿಂದ ಅವರು ಹೀಗೇ ತಿಳಿದುಕೊಂಡಿದ್ದರು. ಅಣ್ಣ ಮನೆಯಲ್ಲೂ ನನ್ನ ಹೆಸರೆತ್ತಿರಲಿಲ್ಲ.

"ಹಾಗಲ್ಲ ಅತ್ತಿಗೆ," ಅಂದೆ. "ಆಕೆ ಒಳ್ಳೆಯವರು. ತಪ್ಪು ನಂದು." ಗೇಟಿನಿಂದ ಶುರುಮಾಡಿ ಜ್ವರದವರೆಗೆ ಎಲ್ಲ ಹೇಳಿದೆ.

ಅತ್ತಿಗೆ ಲೋಟ ಕೆಳಗಿಟ್ಟರು.

"ಅವರಿಗೆ ಗೊತ್ತಿತ್ತಾ, ನೀವು ಅಂತ?"

"ಮೊದಲ ದಿನದಿಂದ ಗೊತ್ತಿತ್ತು."

"ಮತ್ತೆ ಪ್ರತೀ ಭಾನುವಾರ ನೀರುದೋಸೆ ಹುಯ್ಯುವಾಗ, ಅವರನ್ನೂ ಕರಿ, ಅವರಿಗಿಷ್ಟ, ಅಂತ ನನ್ನನ್ನು ನಿಮ್ಮ ಬಾಗಿಲಿಗೆ ಕಳಿಸ್ತಿದ್ರಲ್ಲ..."

ಕಳಿಸುತ್ತಿದ್ದರು. ನಾನೂ ಹೋಗಿ ತಿಂದು ಬರುತ್ತಿದ್ದೆ.