ಸಾವನೇರಿಗೆ ಸುದ್ದಿ ತಂದವನು

ಕಾರಣ ತಿಳಿಯದ ಘಟನೆಗಳ ಬಗ್ಗೆ ಯಾರಾದರೂ ಹೇಳಿದರೆ, ಸರಿಯಾಗಿ ವಿಚಾರಿಸಿರಲಿಕ್ಕಿಲ್ಲ ಎಂದು ತಳ್ಳಿಹಾಕುತ್ತಿದ್ದವನು ನಾನು. ರೈಲ್ವೆಯಲ್ಲಿ ದುಡಿದವನಿಗೆ ಅಂಥ ಮಾತು ಹಿಡಿಸುವುದಿಲ್ಲ. ಆದರೂ ಪೊಲೀಸರು ನನ್ನನ್ನು ಬಂಧಿಸಿದ ದಿನದ ಸಂಗತಿಯನ್ನು ನಡೆದಂತೆಯೇ ಬರೆಯುತ್ತೇನೆ.

ಕೆಲಸಕ್ಕೆಂದು ಬಂದು ನೆಲೆಸಿದ ಈ ಹಿಂದಿ ಮಾತಿನ ಊರಿನಲ್ಲಿ, ಪ್ರತಾಪ ನಗರದ ನಮ್ಮ ಕಟ್ಟಡದ ಸೊಸೈಟಿಗೆ ನಾನು ಕಾರ್ಯದರ್ಶಿ. ನೀರಿನ ಟಾಕಿ ದುರಸ್ತಿಗೆ ಬಂದ ಕೂಲಿಯೊಬ್ಬ ಬಿದ್ದು ಕಾಲು ಮುರಿದುಕೊಂಡ. ಸುರಕ್ಷತೆಯ ಏರ್ಪಾಡು ಮಾಡಿರಲಿಲ್ಲವೆಂದು ನನ್ನ ಮೇಲೆ ದೂರು ದಾಖಲಾಯಿತು. ಹೆಂಡತಿಯ ಹೃದಯದ ಆಪರೇಷನ್ ಗಡಿಬಿಡಿಯಲ್ಲಿ ಠಾಣೆಯ ನೋಟಿಸಿಗೆ ನಾನು ಹಾಜರಾಗಲಿಲ್ಲ. ಅವಳಿಗೆ ಈ ಯಾವುದನ್ನೂ ಹೇಳಿರಲಿಲ್ಲ. ಆರೈಕೆಗೆಂದು, ಬಸ್ಸಿನಲ್ಲಿ ಒಂದು ಗಂಟೆ ದೂರದ ಸಾವನೇರಿನ ಗೆಳತಿಯ ಮನೆಗೆ ಹೋಗಿದ್ದಳು.

ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಏಳುವಷ್ಟರಲ್ಲಿ ಸಬ್‌ಇನ್‌ಸ್ಪೆಕ್ಟರ್ ಬಂದರು. ಎದೆಯ ಮೇಲೆ ಹೆಸರಿನ ಪಟ್ಟಿ ಇತ್ತು. ಕಾರಣ ಹೇಳಿದರು, ಜಾಮೀನು ಸಿಗುವ ಪ್ರಕರಣವೆಂದೂ ತಿಳಿಸಿದರು. ಬಂಧನದ ಪತ್ರಕ್ಕೆ ನೆರೆಮನೆಯವರ ಸಾಕ್ಷಿ ರುಜು ಹಾಕಿಸಿದರು. ಬೇಡಿ ಹಾಕಲಿಲ್ಲ. ಎಲ್ಲ ಕ್ರಮಬದ್ಧವಾಗಿತ್ತು, ನನಗೆ ಸಮಾಧಾನವೇ ಆಯಿತು.

ಠಾಣೆಗೆ ಹೋದ ಮೇಲೆ ಅವರು, "ಕಾಕಾ, ಘರವಾಲೀ ಕಾ ನಂಬರ್ ದೀಜಿಯೇ" ಎಂದು ಹೆಂಡತಿಯ ನಂಬರ್ ಕೇಳಿದರು. ಹೇಳಬೇಡಿ, ಅವಳ ಹೃದಯ ತಡೆಯಲಾರದು ಎಂದು ಬೇಡಿಕೊಂಡೆ. ಮನೆಯವರಿಗೆ ತಿಳಿಸಲೇಬೇಕು, ಅದು ಕಾಯದೆ ಎಂದು ಅವರು ಮೆಲ್ಲಗೆ ಹೇಳಿ ಫೋನ್ ಮಾಡಿದರು. ಅವಳ ಫೋನ್ ಬಂದ್ ಆಗಿತ್ತು. ಮತ್ತೆ ಮಾಡಲು ಹೊರಟಾಗ ಅವಳೇ ಬಾಗಿಲಲ್ಲಿ ನಿಂತಿದ್ದಳು.

"ಏನ್ರಿ, ಇವರಿಗೂ ಶಿಸ್ತು ಕಲಸಾಕ ಬಂದೀರೇನು?" ಎಂದಳು. ಮುಖದಲ್ಲಿ ಗಾಬರಿ ಇರಲಿಲ್ಲ.

"ನಿನಗ ಯಾರ ಹೇಳಿದ್ರು?"

"ನೀವ ಕಳಿಸಿದ್ದಿರಲ್ಲ, ಬಿಳಿ ಅಂಗಿ ಮನಷ್ಯಾನ್ನ! ಗೇಟಿನಾಗ ನಿಂತು, 'ಅಕ್ಕಾರ, ಮೊದಲ ಕುಂದರ್ರಿ. ಯಜಮಾನ್ರು ಆರಾಮ ಅದಾರ, ಠಾಣೇಕ ಕರದಾರ. ಅಂಜಬ್ಯಾಡ್ರಿ, ಸಂಜಿಗೆ ಮನೀಗೆ ಬರ್ತಾರ' ಅಂದ. ನೀರು ಕುಡೀರಿ ಅಂದ್ರ, ಒಲ್ಲೆ ಅಂದು ಹೋದ."

ನಾನು ಯಾರನ್ನೂ ಕಳಿಸಿರಲಿಲ್ಲ. ಆ ಠಾಣೆಯಲ್ಲಿ ಕನ್ನಡ ಬಲ್ಲವರಿರಲಿಲ್ಲ. ಅವಳು ಸಾವನೇರಿನಲ್ಲಿ ಬಸ್ಸು ಹತ್ತಿದಾಗ ನಾನಿನ್ನೂ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆ. ನನ್ನನ್ನು ಆ ದಿನವೇ ಕರೆತರುವುದೆಂದು ಸಬ್‌ಇನ್‌ಸ್ಪೆಕ್ಟರ್ ತೀರ್ಮಾನಿಸಿದ್ದು ಠಾಣೆಯಿಂದ ಹೊರಡುವಾಗಲಂತೆ. ಗೆಳತಿಯೂ ಆ ಮನುಷ್ಯನನ್ನು ನೋಡಿದ್ದಾಳೆ. ಆ ಬೀದಿಯಲ್ಲಿ ಬೇರೆ ಯಾರಿಗೂ ಅವನ ಗುರುತಿಲ್ಲ.

ನೆರೆಮನೆಯವರೇ ಜಾಮೀನು ನಿಂತರು. ಸಂಜೆ ಇಬ್ಬರೂ ಮನೆಯಲ್ಲಿ ಚಹಾ ಕುಡಿದೆವು. ಕೂಲಿಯವನೂ ಈಗ ಓಡಾಡುತ್ತಿದ್ದಾನೆ. ಅಂದು ಬಂದವನು ಯಾರೆಂದು ಹುಡುಕಿ ಹುಡುಕಿ ಸೋತಿದ್ದೇನೆ. ಒಂದು ಮಾತ್ರ ಗೊತ್ತು: ಹೆಂಡತಿಗೆ ಹೇಳಲು ನನಗೆ ಧೈರ್ಯ ಸಾಲದಿದ್ದ ಮಾತನ್ನು ಅವನು ಮೊದಲು ಅವಳನ್ನು ಕೂರಿಸಿ, ಆಮೇಲೆ ಹೇಳಿದ.